ನಾಲ್ಕು ಬೇಸ್ ಬಾಕ್ಸು, ಒಂದು ಮೈಕು: ಕಲಬುರಗಿಗೆ ರ‍್ಯಾಪ್ ಬಂದಾಗ

ಮೊದಲ ಇಪ್ಪತ್ತು ನಿಮಿಷ ನನಗೆ ಒಂದು ಸಾಲೂ ತಿಳಿಯಲಿಲ್ಲ. ಎದೆ ಮಾತ್ರ ನಡುಗುತ್ತಿತ್ತು. ವೇದಿಕೆ ಮೇಲೆ ಕರಿ ಟೀ ಶರ್ಟಿನ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತಾ ಏನೋ ಹೇಳುತ್ತಿದ್ದ. ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು. ಮಾತು ಮಾತ್ರ ನಮ್ಮ ತನಕ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಹಳೆ ವಿದ್ಯಾರ್ಥಿ ಕಿವಿ ಹತ್ತಿರ ಬಂದು ಕೂಗಿದ: "ಸರ, ಲಿರಿಕ್ಸ್ ಭಾರಿ ಅದಾವ್ರಿ!" "ಎಲ್ಲಿ ಅದಾವೋ?" ಅಂದೆ. ಅದು ಅವನಿಗೂ ಕೇಳಿಸಲಿಲ್ಲ.

ನಾನು ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸುವ ಮಾಸ್ತರ. ರ‍್ಯಾಪ್ ನನ್ನ ಓಣಿಯ ಸಂಗತಿ ಅಲ್ಲ. ಈ ಹಳೆ ವಿದ್ಯಾರ್ಥಿ ತಿಂಗಳ ಹಿಂದೆ ಒಂದು ಹಾಡಿನ ಸಾಲುಗಳನ್ನು ಟೈಪ್ ಮಾಡಿ ವಾಟ್ಸಾಪಿಗೆ ಕಳಿಸಿದ್ದ. ಕವಿ ಯಾರು ಅಂತ ಹೇಳಿರಲಿಲ್ಲ. ಓದಿದೆ, ಚೆನ್ನಾಗಿತ್ತು. ಎರಡು ಕಡೆ ಶ್ಲೇಷೆ, ಒಂದು ಕಡೆ ಒಗಟು, ಕೊನೆಗೆ ಒಂದು ಗುದ್ದು. ಯಾರೋ ಹೊಸ ಕವಿ ಅಂದುಕೊಂಡೆ. "ಸರ, ಇದು ಓದೋದಲ್ರಿ, ಕೇಳೋದು. ಅಂವ ನಮ್ಮೂರಿಗೇ ಬರ್ಲತ್ತಾನ, ಬರ್ರಿ" ಅಂದ. ಟಿಕೆಟು 199 ರೂಪಾಯಿ. ಹಾಗೆ ಸೂಪರ್ ಮಾರ್ಕೆಟ್ ಕಡೆಯ ಒಂದು ಕಟ್ಟಡದ ಎರಡನೇ ಮಹಡಿಯ ಹಾಲಿಗೆ ಹೋಗಿದ್ದೆ. ಹಗಲು ಅಲ್ಲಿ ಕೋಚಿಂಗ್ ಕ್ಲಾಸ್ ನಡೆಯುತ್ತದೆ. ಗೋಡೆ ಮೇಲೆ ಇನ್ನೂ ಯಾವುದೋ ಗಣಿತದ ಲೆಕ್ಕ ಅರ್ಧ ಒರೆಸಿದ ಹಾಗೇ ಇತ್ತು.

ಈಗ ದೇಶದ ತುಂಬ ಲೈವ್ ಕಾರ್ಯಕ್ರಮಗಳ ಮಾತು ಜೋರಾಗಿದೆ. 2025ರ ಜನವರಿಯಲ್ಲಿ ಅಹಮದಾಬಾದಿನ ಸ್ಟೇಡಿಯಮ್ಮಿನಲ್ಲಿ ಬ್ರಿಟನ್ನಿನ ಬ್ಯಾಂಡ್ ಕೋಲ್ಡ್‌ಪ್ಲೇ ಎರಡು ದಿನ ಹಾಡಿತು. ಅದಾದ ಮೇಲೆ ಪ್ರಧಾನಿಯೇ 'ಕಾನ್ಸರ್ಟ್ ಎಕಾನಮಿ', ಅಂದರೆ ಇಂಥ ಕಾರ್ಯಕ್ರಮಗಳ ವಹಿವಾಟಿನ ಬಗ್ಗೆ ಮಾತಾಡಿದರು. ಬೆಂಗಳೂರಿನಲ್ಲಿ ನೆಲೆ ಕಂಡ ಹನುಮಾನ್‌ಕೈಂಡ್ 2024ರಲ್ಲಿ ಒಂದು ಇಂಗ್ಲಿಷ್ ರ‍್ಯಾಪಿನಿಂದ ಲೋಕವೆಲ್ಲ ಸುತ್ತಿ ಬಂದ. ಎಲ್ಲಾ ಸರಿ. ಆದರೆ ಕಂಪನಿಯ ಬೆಂಬಲ ಇಲ್ಲದ, ಸಿನಿಮಾ ಹಾಡು ಇಲ್ಲದ, ಮಾತನ್ನೇ ನಂಬಿಕೊಂಡ ಒಬ್ಬ ಕನ್ನಡದ ರ‍್ಯಾಪರ್ ಕಲಬುರಗಿಗೋ ಬೀದರಿಗೋ ಯಾದಗಿರಿಗೋ ಬಂದು ಹಾಡೋದು ಯಾಕೆ ಇಷ್ಟು ಅಪರೂಪ? "ಇಲ್ಲಿ ಜನ ಬರಂಗಿಲ್ಲ, ಇಲ್ಲಿನವರಿಗೆ ಅದು ತಿಳಿಯಂಗಿಲ್ಲ" ಅನ್ನುವುದು ಸಿದ್ಧ ಉತ್ತರ. ಆ ಸಂಜೆ ಕೂತು ನೋಡಿದ ಮೇಲೆ ನನಗೆ ಆ ಉತ್ತರ ಸುಳ್ಳು ಅನ್ನಿಸಿದೆ. ಇಲ್ಲಿ ಕಿವಿ ಇದೆ, ಬರೆಯುವ ಕೈಯೂ ಇದೆ. ಮಾತು ಕೇಳಿಸುವಂಥ ಒಂದು ಸಣ್ಣ ಕೋಣೆ ಇಲ್ಲ.

ಮೊದಲು ಇಂಥ 'ಸ್ವತಂತ್ರ' ರ‍್ಯಾಪರ್ ಅಂದರೆ ಯಾರು ಅಂತ ಹೇಳಿಬಿಡುತ್ತೇನೆ. ಆಡಿಯೊ ಕಂಪನಿ ಜೊತೆ ಕರಾರು ಇಲ್ಲ. ಹಾಡು ತಾನೇ ಬರೆಯುತ್ತಾನೆ, ಗೆಳೆಯನ ಕೋಣೆಯಲ್ಲಿ ಗೋಡೆಗೆ ರಜಾಯಿ ನೇತುಹಾಕಿ ರೆಕಾರ್ಡ್ ಮಾಡುತ್ತಾನೆ, ತಾನೇ ಅಪ್‌ಲೋಡ್ ಮಾಡುತ್ತಾನೆ. ಹಾಡಿನ ಹಿಂದೆ ನುಡಿಯುವ ಬೀಟನ್ನು ಬಹಳ ಸಲ ಆನ್‌ಲೈನಿನಲ್ಲಿ ಬಾಡಿಗೆಗೆ ತರುತ್ತಾನೆ. ಹೌದು, ಬೀಟಿಗೂ ಬಾಡಿಗೆ ಉಂಟು. ಕಡಿಮೆ ದುಡ್ಡಿನ ಲೈಸೆನ್ಸ್ ತಗೊಂಡರೆ ಅದೇ ಬೀಟನ್ನು ಬ್ರೆಜಿಲಿನಲ್ಲೊಬ್ಬ, ಪಂಜಾಬಿನಲ್ಲೊಬ್ಬ ಕೂಡ ಬಳಸಬಹುದು. ಹಾಗಾಗಿ ಇವನದೇ ಅಂತ ಉಳಿಯುವುದು ಮಾತು ಒಂದೇ. ಅದು ಕೇಳಿಸದೇ ಹೋದರೆ ವೇದಿಕೆ ಮೇಲೆ ಇವನು ಇದ್ದೂ ಇಲ್ಲದ ಹಾಗೆ.

ಕನ್ನಡದಲ್ಲಿ ರ‍್ಯಾಪ್ ಅಂದರೆ ಬಹಳ ಜನಕ್ಕೆ ಆಲ್ ಓಕೆ ಅಲೋಕ್, ಚಂದನ್ ಶೆಟ್ಟಿ ನೆನಪಾಗುತ್ತಾರೆ. ಪಾರ್ಟಿ ಹಾಡು, ಮದುವೆ ಮನೆ ಹಾಡು. ಅದು ತಪ್ಪೇನಲ್ಲ. ಅದರ ಪಕ್ಕದಲ್ಲೇ ಎಂಸಿ ಬಿಜ್ಜು, ಗುಬ್ಬಿ, ರಾಹುಲ್ ಡಿಟೊ, ಸಿರಿ ಥರದವರು ಬರವಣಿಗೆಗೆ ಜಾಸ್ತಿ ಬೆವರು ಸುರಿಸುವ ಇನ್ನೊಂದು ದಾರಿ ಮಾಡಿದ್ದಾರೆ. ತಮಿಳಿನಲ್ಲಿ ಅರಿವು ಜಾತಿ, ನೆಲ, ಅಜ್ಜಿಯ ಕತೆಗಳನ್ನೇ ರ‍್ಯಾಪಿಗೆ ತಂದ. ಇವೆಲ್ಲ ನಮ್ಮ ಹುಡುಗರ ಮೊಬೈಲಿನಲ್ಲಿವೆ. ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿಲೋಮೀಟರ್. ಫೋನಿಗೆ ಆ ದೂರ ಲೆಕ್ಕಕ್ಕಿಲ್ಲ. ಸ್ಪೀಕರಿಗೆ ಮಾತ್ರ ಲೆಕ್ಕ.

ಕಿವಿ ಇದೆ ಅಂದೆನಲ್ಲ, ಅದನ್ನು ಸುಮ್ನೆ ಊರಿನ ಅಭಿಮಾನಕ್ಕೆ ಹೇಳಿದ್ದಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿ, ಅಂದರೆ ಬೆಂಕಿ ಕುಣಿಯ ಸುತ್ತ ರಿವಾಯತ್ ಅನ್ನುವ ಪದ ಹಾಡುತ್ತಾರೆ. ಹಿಂದೂ ಮುಸ್ಲಿಂ ಅಂತ ಇಲ್ಲ, ಎಲ್ಲರೂ ಹಾಡುವವರೇ. ಪದ ಕನ್ನಡದಲ್ಲೇ ಇರುತ್ತದೆ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಮೇಳ ಜವಾಬು ಕೊಡಬೇಕು. ಲಾವಣಿ, ಗೀಗೀ ಪದದಲ್ಲಿ ಹರದೇಶಿ–ನಾಗೇಶಿ ಅಂತ ಎರಡು ಬಣ. ಒಂದು ಗಂಡಿನ ಪರ, ಇನ್ನೊಂದು ಹೆಣ್ಣಿನ ಪರ. ರಾತ್ರಿಯೆಲ್ಲ ವಾದ, ಅದೂ ಪ್ರಾಸದಲ್ಲಿ. ಎದುರಾಳಿಯ ಮಾತನ್ನೇ ತಿರುಗಿಸಿ ಅವನಿಗೇ ಹೊಡೆಯಬೇಕು. ಇದನ್ನೇ ಇವತ್ತಿನ ಹುಡುಗರು ಬ್ಯಾಟಲ್ ಅನ್ನುತ್ತಾರೆ. ಅಲ್ಲಿ ವಾದ್ಯ ಏನಿತ್ತು? ದಪ್ಪು, ತುಂತುಣಿ, ತಾಳ. ಮೂರೂ ಸಣ್ಣವು. ಮಾತಿನ ಮೇಲೆ ಯಾವುದೂ ಕೂರುವುದಿಲ್ಲ. ಜನ ಕೇಳೋಕೆ ಬರುವುದೇ ಜವಾಬಿಗೆ ಅಂತ ಆ ಹಾಡುಗಾರರಿಗೆ ಚೆನ್ನಾಗಿ ಗೊತ್ತಿತ್ತು.

ತತ್ವಪದಗಳ ಮಾತು ಬೇರೆ. ಕಡಕೋಳ ಮಡಿವಾಳಪ್ಪ ನಮ್ಮ ಜಿಲ್ಲೆಯವನೇ. ಅಂಥವರ ಪದಗಳಲ್ಲಿ ಮೇಲೊಂದು ಅರ್ಥ, ಒಳಗೊಂದು ಅರ್ಥ. ಮೊದಲ ಸಲಕ್ಕೆ ನಗು ಬರುತ್ತದೆ, ಮೂರನೇ ಸಲಕ್ಕೆ ಬೆವರು ಬರುತ್ತದೆ. ಅದಕ್ಕೇ ಪಲ್ಲವಿಯನ್ನು ಮತ್ತೆ ಮತ್ತೆ ಹಾಡುತ್ತಾರೆ. ಕೇಳುವವನಿಗೆ ಹೊತ್ತು ಸಿಗಲಿ ಅಂತ. ಇನ್ನು ಕಲಬುರಗಿ ದಖನಿ ಭಾಷೆ ಬೆಳೆದ ಊರು. ಇಲ್ಲಿ ಮುಶಾಯಿರಾ, ಅಂದರೆ ಉರ್ದು ಕವಿಗೋಷ್ಠಿ ಕೇಳಿ ಬೆಳೆದ ಕಿವಿಗಳು ಇನ್ನೂ ಇವೆ. ಎರಡು ಸಾಲಿನ ಒಂದು ಶೇರಿಗೆ ದಾದ್ ಕೊಡುವುದು, ಅಂದರೆ ವಾಹ್ ಅನ್ನುವುದು ಹೇಗೆ, ಎಲ್ಲಿ ಉಸಿರು ಬಿಗಿಹಿಡಿದು ಕಾಯಬೇಕು ಅಂತ ಇಲ್ಲಿನ ಒಬ್ಬ ಟೇಲರಿಗೂ ಗೊತ್ತು. ಈ ಟೇಲರ್ ಮಾತು ಯಾಕೆ ತೆಗೆದೆ ಅಂತ ಮುಂದೆ ಹೇಳುತ್ತೇನೆ.

ಇಷ್ಟು ದೂರ ಬಂದ ಮೇಲೆ ಮಳಖೇಡದ ಮಾತು ಆಡದೇ ಹೋದರೆ ನಾನು ಕನ್ನಡ ಮಾಸ್ತರ ಹೇಗಾದೇನು? ಸೇಡಂ ತಾಲ್ಲೂಕಿನ ಕಾಗಿಣಾ ನದಿ ದಂಡೆಯ ಮಳಖೇಡ, ಅಂದರೆ ಮಾನ್ಯಖೇಟ. ಸುಮಾರು 850ರ ಹೊತ್ತಿಗೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ಕಾವೇರಿಯಿಂದ ಗೋದಾವರಿ ತನಕದ ಈ ನಾಡಿನ ಜನ ಪಟ್ಟು ಹಿಡಿದು ಓದದೇ ಇದ್ದರೂ ಕಾವ್ಯ ಕಟ್ಟಬಲ್ಲರು ಅಂದವನು ಅವನು. ಅದೇ ಪುಸ್ತಕದಲ್ಲಿ ಪ್ರಾಸದ ಬಗ್ಗೆ ದೊಡ್ಡ ಚರ್ಚೆಯೇ ಇದೆ. ಹಳೆಗನ್ನಡದ ಮುಖ್ಯ ಪ್ರಾಸ ಸಾಲಿನ ಕೊನೆಯಲ್ಲಿ ಬರುವುದಿಲ್ಲ, ಸಾಲಿನ ಎರಡನೇ ಅಕ್ಷರದಲ್ಲಿ ಬರುತ್ತದೆ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಇದನ್ನು ಬಿಟ್ಟು ಬರೆಯುವ ತನಕ, ಸಾವಿರ ವರ್ಷದ ಮೇಲೆ, ಬಹುಪಾಲು ಕಾವ್ಯದಲ್ಲಿ ಈ ಕಟ್ಟು ನಡೆಯಿತು.

ಇದಕ್ಕೂ ರ‍್ಯಾಪಿಗೂ ಏನು ನಂಟು? ನನ್ನ ಲೆಕ್ಕದಲ್ಲಿ ಬಹಳ ಇದೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಕ್ರಿಯಾಪದಗಳ ಬಾಲ ಒಂದೇ ಥರ ಇರುತ್ತದೆ. ಬರ್ತೀನಿ, ಕೊಡ್ತೀನಿ, ತರ್ತೀನಿ, ಹೋಗ್ತೀನಿ. ಕೊನೆಯ ಪ್ರಾಸ ನಮಗೆ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ರ‍್ಯಾಪರ್ ಒಂದು ಪ್ರಾಸಕ್ಕೆ ರಾತ್ರಿಯೆಲ್ಲ ತಲೆ ಕೆರೆದುಕೊಂಡರೆ ನಮ್ಮವನಿಗೆ ವ್ಯಾಕರಣವೇ ಕೊಟ್ಟುಬಿಡುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ. ಕೇಳಿದವನಿಗೆ ಅದು ಪ್ರಾಸ ಅಂತಲೇ ಅನ್ನಿಸುವುದಿಲ್ಲ. ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಬಾಲದಿಂದ ತಲೆಗೆ ಒಯ್ದದ್ದು ಇದಕ್ಕೇ ಇರಬೇಕು ಅಂತ ನನ್ನ ಊಹೆ. ಹೊಸ ಹುಡುಗರಲ್ಲಿ ಚೆನ್ನಾಗಿ ಬರೆಯುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಅದನ್ನೇ ಮಾಡುತ್ತಿದ್ದಾರೆ. ಕ್ರಿಯಾಪದವನ್ನು ಸಾಲಿನ ನಡುವೆ ತಳ್ಳುತ್ತಾರೆ, ಪ್ರಾಸವನ್ನು ಎಲ್ಲೆಲ್ಲೋ ಬಚ್ಚಿಡುತ್ತಾರೆ.

ತೋರಿಸಲಿಕ್ಕೆ ನಾನೇ ನಾಲ್ಕು ಸಾಲು ಕಟ್ಟಿದ್ದೇನೆ. ನಗಬೇಡಿ.

ಗುಳೆ ಹೋದವನ ಮನಿ ಕೀಲಿ ಹಾಕ್ಯದ,
ಮಳಿ ಬಂದದ, ಬಾಗಿಲ ತೆಗಿಯವರಿಲ್ಲ.
ಬೆಳಿ ಬಂದದ, ತೊಗರಿ ರೇಟ ಬಿದ್ದದ,
ತಳ ಸುಟ್ಟದ ಗಡಿಗಿ, ಕೇಳವರಿಲ್ಲ.

ಗುಳೆ, ಮಳಿ, ಬೆಳಿ, ತಳ. ಎರಡನೇ ಅಕ್ಷರ ಎಲ್ಲಾ ಕಡೆ 'ಳ'. ಅದರ ಹಿಂದಿನ ಅಕ್ಷರ ನಾಲ್ಕರಲ್ಲೂ ಹ್ರಸ್ವ. ಹಳಬರು ಇದಕ್ಕೆ ಸಿಂಹಪ್ರಾಸ ಅಂತ ಹೆಸರಿಟ್ಟಿದ್ದರು. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಮಕ್ಕಳು ಕಿಟಕಿ ಕಡೆ ನೋಡುತ್ತಾರೆ. ಬೀಟಿನ ಮೇಲೆ ಹೇಳಿದರೆ ತಲೆ ಆಡಿಸುತ್ತಾರೆ. ತಾಳದ ವಿಷಯವೂ ಹೀಗೇ. ರ‍್ಯಾಪಿನ ಒಂದು ಬಾರ್ ಅಂದರೆ ನಾಲ್ಕು ಹೊಡೆತ, ಒಂದೊಂದು ಹೊಡೆತವನ್ನು ಮತ್ತೆ ನಾಲ್ಕಾಗಿ ಒಡೆಯಬಹುದು. ನಾಲ್ಕು ಮಾತ್ರೆಯ ಗಣ, ಅಂದರೆ ಶರ ಷಟ್ಪದಿಯ ನಡಿಗೆ. ಟ್ರಿಪ್ಲೆಟ್ ಅಂತ ಹುಡುಗರು ಕುಣಿಯುವುದು ಮೂರು ಮಾತ್ರೆಯ ಗಣಕ್ಕೆ, ಅದು ಭೋಗ ಷಟ್ಪದಿ. ಷಟ್ಪದಿ ಓದಿ ರ‍್ಯಾಪ್ ಕಲಿಯಿರಿ ಅಂತ ಯಾರಿಗೂ ಹೇಳುತ್ತಿಲ್ಲ. ನಮ್ಮ ನಾಲಿಗೆಗೆ ಈ ನಡಿಗೆ ಹೊಸದಲ್ಲ, ಅಷ್ಟೇ.

ಇನ್ನೊಂದು ಸಂಗತಿ ಇದೆ. ಸಿನಿಮಾದಲ್ಲಿ ನಮ್ಮ ಕಡೆ ಮಾತು ಬಂದರೆ ಅದು ಬಹುತೇಕ ನಗಿಸಲಿಕ್ಕೆ. ರ‍್ಯಾಪಿನಲ್ಲಿ 'ಅದ', 'ಬರ್ಲತ್ತಾನ', 'ಖರೆ' ಅನ್ನುವ ಮಾತುಗಳು ಗಂಭೀರವಾಗಿ ನಿಲ್ಲುತ್ತವೆ. ಸಾಲ, ಗುಳೆ, ಪುಣೆಯ ಕಟ್ಟಡ ಕೆಲಸ, ಕೆಲಸ ಸಿಗದ ಡಿಗ್ರಿ, ಇವನ್ನೆಲ್ಲ ಈ ಭಾಷೆಯಲ್ಲೇ ಹೇಳಿದಾಗ ಹಾಲಿನಲ್ಲಿ ಯಾರೂ ನಗಲಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಹೆಸರು ಬದಲಾದ ಮೇಲೂ ಗುಳೆ ಹೋಗುವ ರೈಲು ಅದೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಅನ್ನುವ ಅರ್ಥದ ಒಂದು ಸಾಲನ್ನು ವೇದಿಕೆ ಮೇಲಿನ ಹುಡುಗ ಹೇಳಿದ. ಅವನು ನಮ್ಮ ಜಿಲ್ಲೆಯವನಲ್ಲ. ಆದರೂ ಅದು ತಟ್ಟಿತು.

ಆದರೆ ಅದು ಕೇಳಿಸಿದ್ದು ಇಪ್ಪತ್ತು ನಿಮಿಷ ಆದ ಮೇಲೆ. ಅಲ್ಲಿಗೇ ಬರುತ್ತೇನೆ.

ಇನ್ನೂರು ಜನ ಹಿಡಿಯುವ ಹಾಲಿಗೆ ನಾಲ್ಕು ದೊಡ್ಡ ಬೇಸ್ ಬಾಕ್ಸ್ ತಂದಿದ್ದರು. ಗಣಪತಿ ಮೆರವಣಿಗೆಗೆ, ಮದುವೆ ಬರಾತಿಗೆ ಟ್ರಾಲಿ ಮೇಲೆ ಏರಿಸುತ್ತಾರಲ್ಲ, ಅವೇ. ಸೌಂಡಿನವನದು ತಪ್ಪಿಲ್ಲ. ಅವನಿಗೆ ಬರುವ ಆರ್ಡರೆಲ್ಲ ಬೀದಿಯ ಕೆಲಸ. ಬೀದಿಯಲ್ಲಿ ಗೋಡೆ ಇಲ್ಲ, ಬೇಸ್ ಹಾರಿಹೋಗುತ್ತದೆ. ಇಲ್ಲಿ ನೆಲಕ್ಕೆ ಟೈಲ್ಸ್, ಎರಡು ಕಡೆ ಗಾಜು, ಮೇಲೆ ಬರೀ ಸಿಮೆಂಟು. ಸದ್ದು ಹೋಗಲಿಕ್ಕೆ ಜಾಗ ಇಲ್ಲದೆ ಅಲ್ಲೇ ಸುತ್ತುತ್ತದೆ. ರ‍್ಯಾಪ್ ಬೀಟಿನ ಬೇಸ್, ಅಂದರೆ ತಗ್ಗು ದನಿ, ಇರುವುದು ಬಹುತೇಕ 40ರಿಂದ 100 ಹರ್ಟ್ಜ್ ಒಳಗೆ. ಮಾತಿನಲ್ಲಿ ಗಾತ್ರ ಕೊಡುವುದು ಸ್ವರಗಳು, ಅರ್ಥ ಕೊಡುವುದು ವ್ಯಂಜನಗಳು. ವ್ಯಂಜನಗಳ ಗುರುತು ಜಾಸ್ತಿ ಇರುವುದು 2,000ದಿಂದ 4,000 ಹರ್ಟ್ಜ್ ಆಸುಪಾಸು ಮತ್ತು ಅದರ ಮೇಲೆ. ಅವುಗಳಿಗೆ ಶಕ್ತಿ ಬಹಳ ಕಡಿಮೆ. ಬೇಸ್ ಉಕ್ಕಿದರೆ, ಗೋಡೆ ಅದನ್ನು ಮತ್ತೆ ಮತ್ತೆ ವಾಪಸ್ ಕಳಿಸಿದರೆ, ಮೊದಲು ಸಾಯುವುದು ಅವೇ.

ಕನ್ನಡಕ್ಕೆ ಇದರ ಪೆಟ್ಟು ಜೋರು. 'ಲ' ಮತ್ತು 'ಳ' ನಡುವೆ ಇರುವುದು ನಾಲಿಗೆ ತುದಿಯ ಒಂದು ಸಣ್ಣ ಮಡಿಕೆ. ಬೆಳೆ ಬಂತು, ಬೆಲೆ ಹೋಯ್ತು ಅಂತ ಅವನು ಹೇಳಿದರೆ ಆ ಹಾಲಿನಲ್ಲಿ ಎರಡೂ ಒಂದೇ ಥರ ಗುಂಯ್ ಅನ್ನುತ್ತಿದ್ದವು. ತೊಗರಿ ನಾಡಿನಲ್ಲಿ ಬೆಳೆ ಯಾವುದು ಬೆಲೆ ಯಾವುದು ಅಂತ ತಿಳಿಯದಿದ್ದರೆ ಹಾಡಿನಲ್ಲಿ ಉಳಿಯುವುದೇನು? ಒತ್ತಕ್ಷರಗಳ ಕತೆಯೂ ಇದೇ. ಕನ್ನಡ ರ‍್ಯಾಪಿನ ಗುದ್ದು ಇರುವುದೇ ಒತ್ತಿನಲ್ಲಿ. ಕಟ್ಟು, ಸುಟ್ಟು, ಬಿಕ್ಕು, ದಕ್ಕು. ಆ ಗುದ್ದಿಗೆ ಒಂದು ಕ್ಷಣದ ಮೌನ ಬೇಕು. ಗುಂಯ್‌ಗುಡುವ ಕೋಣೆಯಲ್ಲಿ ಆ ಮೌನಕ್ಕೆ ಜಾಗವೇ ಇರುವುದಿಲ್ಲ.

ಸ್ವಲ್ಪ ತಪ್ಪು ಹುಡುಗನದೂ ಇತ್ತು. ಮೈಕಿನ ಜಾಳಿಗೆಯನ್ನು ಅಂಗೈಯಿಂದ ಮುಚ್ಚಿ ಹಿಡಿಯುತ್ತಿದ್ದ. ನೋಡಲಿಕ್ಕೆ ಸ್ಟೈಲು. ಆದರೆ ವೇದಿಕೆ ಮೈಕು ಮುಂದಿನ ದನಿ ಹಿಡಿದು ಹಿಂದಿನದನ್ನು ಬಿಡುವ ಹಾಗೆ ಮಾಡಿರುತ್ತಾರೆ, ಅದಕ್ಕೆ ಹಿಂದಿನ ಸಂದಿಗಳು ತೆರೆದಿರಬೇಕು. ಮುಚ್ಚಿದರೆ ನಾಲ್ಕೂ ಕಡೆಯ ಸದ್ದು ಒಳಗೆ ನುಗ್ಗುತ್ತದೆ, ಕುಂಯ್ ಅಂತ ಸೀಟಿ ಹೊಡೆಯುತ್ತದೆ, ದನಿ ಮಡಕೆಯೊಳಗಿಂದ ಬಂದ ಹಾಗಾಗುತ್ತದೆ. ಇದನ್ನು ನನಗೆ ಹೇಳಿದ್ದು ಆ ಸೌಂಡಿನವನೇ. "ಎಲ್ಲಾ ರ‍್ಯಾಪ್ ಹುಡುಗ್ರೂ ಹಿಂಗೇ ಹಿಡಿತಾರ್ರಿ, ಹೇಳಿದ್ರ ಕೇಳಂಗಿಲ್ಲ."

ಎರಡನೇ ಹಾಡು ಮುಗಿದಾಗ ಹುಡುಗ ವೇದಿಕೆಯಿಂದ ಇಳಿದು ಸೌಂಡ್ ಮಿಕ್ಸರ್ ಹತ್ತಿರ ಹೋದ. "ಅಣ್ಣಾ, ಬೇಸ್ ಕಮ್ಮಿ ಮಾಡಿ ಪ್ಲೀಸ್." "ಕಮ್ಮಿ ಮಾಡಿದ್ರ ಮಜಾ ಬರಂಗಿಲ್ಲ ತಮ್ಮಾ." ಹಾಗೆ ಎರಡು ನಿಮಿಷ ಜಗ್ಗಾಟ ಆಯಿತು. ಕೊನೆಗೆ ಎರಡು ಬಾಕ್ಸಿನ ವೈರ್ ಕಿತ್ತರು. ಹುಡುಗ ವಾಪಸ್ ಹೋಗಿ ಬೀಟ್ ಬೇಡ ಅಂತ ಕೈ ಮಾಡಿದ. ಮೈಕನ್ನು ಈ ಸಲ ಬುಡದಲ್ಲಿ ಹಿಡಿದ. ಬರೀ ಬಾಯಲ್ಲಿ ಎಂಟು ಸಾಲು ಹೇಳಿದ. ಗುಳೆ ಹೋದ ಒಬ್ಬ ತಂದೆ ಮಗಳಿಗೆ ಫೋನ್ ಮಾಡುವ ಸಾಲುಗಳು. ಹಾಲು ಗಪ್ ಆಯಿತು. ಫ್ಯಾನಿನ ಸಪ್ಪಳ ಕೇಳಿಸುತ್ತಿತ್ತು.

ಆಗ ಬಾಗಿಲ ಹತ್ತಿರದಿಂದ ಒಂದು ದನಿ ಬಂತು: "ಮುಕರ್ರರ್!"

ಕೆಳಗಿನ ಟೇಲರ್ ಅಂಗಡಿಯ ಚಾಚಾ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಮೇಲಿನ ಗದ್ದಲಕ್ಕೆ ಬೈಯಲಿಕ್ಕೆ ಬಂದಿದ್ದರಂತೆ. ಬೆಂಗಳೂರು ಕಡೆಯ ಹುಡುಗನಿಗೆ ಆ ಮಾತು ತಿಳಿಯಲಿಲ್ಲ, ಬೈದರು ಅಂದುಕೊಂಡ. ಮುಂದಿನ ಸಾಲಿನವರು ಹೇಳಿದರು, ಇನ್ನೊಮ್ಮೆ ಹೇಳು ಅಂತ ಕೇಳ್ಲತ್ತಾರ. ಮುಶಾಯಿರಾದಲ್ಲಿ ಚೆನ್ನಾದ ಸಾಲನ್ನು ಮತ್ತೊಮ್ಮೆ ಹೇಳಿಸುವ ಮಾತು ಅದು. ಹುಡುಗ ಅದೇ ಎರಡು ಸಾಲು ಮತ್ತೆ ಹೇಳಿದ. ಎರಡನೇ ಸಲಕ್ಕೆ ಅದರ ಒಳಗಿನ ಶ್ಲೇಷೆ ನನಗೆ ಹೊಳೆಯಿತು. ಮೊಬೈಲಿನಲ್ಲಿ ಕೇಳುವಾಗ ಹಿಂದಕ್ಕೆ ಎಳೆದು ಕೇಳಬಹುದು, ಲೈವಿನಲ್ಲಿ ಹೋದ ಸಾಲು ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ಈ ಊರಲ್ಲಿ ಅದಕ್ಕೂ ಒಂದು ಮಾತು ಮೊದಲೇ ಇತ್ತು. ಆಮೇಲೆ ಹುಡುಗರೂ ಅದನ್ನೇ ಹಿಡಿದರು. ಕೊನೆಯ ಹಾಡಿಗೆ ನಾಲ್ಕು ಸಲ 'ಮುಕರ್ರರ್' ಬಿತ್ತು. ಅದರಲ್ಲಿ ಎರಡು ಸುಮ್ನೆ ಚೇಷ್ಟೆಗೆ.

ಹಾಗಾದರೆ ಇಂಥ ಸಂಜೆ ಮತ್ತೆ ಮತ್ತೆ ಯಾಕೆ ಆಗುವುದಿಲ್ಲ? ದುಡ್ಡಿನ ಲೆಕ್ಕ ನೋಡೋಣ. ಉದಾಹರಣೆಗೆ 120 ಜನ 200 ರೂಪಾಯಿ ಕೊಟ್ಟು ಬಂದರು ಅನ್ನಿ. 24,000 ಆಯಿತು. ಇದರಲ್ಲಿ ಹಾಲಿನ ಬಾಡಿಗೆ, ಸೌಂಡು, ಮೂವರ ರೈಲು ಚಾರ್ಜು, ಲಾಡ್ಜು, ಊಟ. ಹಾಡಿದವನ ಕೈಗೆ ಉಳಿಯುವುದು ಚಿಲ್ಲರೆ. ಒಂದೇ ಊರಿಗೆ ಬಂದು ಹೋದರೆ ನಷ್ಟವೇ. ಆದರೆ ವಿಜಯಪುರ, ಕಲಬುರಗಿ, ಬೀದರ್, ರಾಯಚೂರು ಅಂತ ನಾಲ್ಕು ದಿನ ನಾಲ್ಕು ಊರು ಹಿಡಿದರೆ ಬೆಂಗಳೂರಿನಿಂದ ಬರುವ ಖರ್ಚು ನಾಲ್ಕು ಪಾಲಾಗುತ್ತದೆ. ಹೈದರಾಬಾದ್ ಇಲ್ಲಿಂದ ಸುಮಾರು 220 ಕಿಲೋಮೀಟರ್, ಸೊಲ್ಲಾಪುರ ಅದರ ಅರ್ಧ. ಎರಡೂ ಕಡೆ ಕನ್ನಡದವರಿದ್ದಾರೆ. ನಾಟಕ ಕಂಪನಿಗಳು ಹೀಗೇ ಊರೂರು ಸುತ್ತಿ ಬದುಕಿದವು, ಅಲ್ವಾ?

ಸ್ಟ್ರೀಮಿಂಗ್ ದುಡ್ಡು ನಂಬುವ ಹಾಗಿಲ್ಲ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗದಿದ್ದರೆ ಅದರ ರೆಕಾರ್ಡಿಂಗಿಗೆ ಪೈಸೆಯೂ ಲೆಕ್ಕ ಹಾಕುವುದಿಲ್ಲ. 2012ರ ಕಾಪಿರೈಟ್ ತಿದ್ದುಪಡಿ ಸಾಹಿತ್ಯ ಬರೆದವರ ರಾಯಲ್ಟಿ ಹಕ್ಕನ್ನು ಗಟ್ಟಿ ಮಾಡಿದೆ. ಆದರೆ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಥರದ ಸಂಸ್ಥೆಯ ಸದಸ್ಯನಾಗಿ ಹಾಡು ನೋಂದಾಯಿಸಿದರೆ ಮಾತ್ರ ಅದು ಕೈಗೆ ಬರುವ ದಾರಿ ತೆರೆಯುತ್ತದೆ. ನಾನು ಕೇಳಿದಾಗ ಆ ಹುಡುಗ "ಮಾಡಬೇಕು ಸರ್" ಅಂದ. ಮಾಡಿಲ್ಲ ಅಂತ ಅರ್ಥ. ತಮಾಷೆಯ ಸಂಗತಿ ಒಂದಿದೆ. ಕಲಾವಿದನ ಸಂಭಾವನೆಗೆ 1.5 ಲಕ್ಷ ರೂಪಾಯಿ ತನಕ ಜಿಎಸ್‌ಟಿ ವಿನಾಯಿತಿ ಇದೆ, ಕಲೆ ಜಾನಪದವೋ ಶಾಸ್ತ್ರೀಯವೋ ಆಗಿದ್ದರೆ. ರ‍್ಯಾಪ್ ಯಾವುದು? ಹರದೇಶಿ–ನಾಗೇಶಿ ಕೇಳಿದ ನನ್ನಂಥವನಿಗೆ ಅದು ಜಾನಪದವೇ. ತೆರಿಗೆಯವರಿಗೆ ಹಾಗೆ ಅನ್ನಿಸಲಿಕ್ಕಿಲ್ಲ. ಈ ಹುಡುಗರ ವರ್ಷದ ವಹಿವಾಟು ಜಿಎಸ್‌ಟಿ ನೋಂದಣಿಯ 20 ಲಕ್ಷದ ಮಿತಿ ಹತ್ತಿರವೂ ಬರುವುದಿಲ್ಲವಾದ್ದರಿಂದ ಸದ್ಯ ಯಾರೂ ಈ ಪ್ರಶ್ನೆ ಕೇಳುತ್ತಿಲ್ಲ.

ಜಾಗದ ಮಾತಿಗೆ ಬರೋಣ. ಕಲಬುರಗಿಯಲ್ಲಿ ಡಾ. ಎಸ್.ಎಂ. ಪಂಡಿತ್ ರಂಗಮಂದಿರ ಇದೆ, ಕನ್ನಡ ಭವನ ಇದೆ, ರಂಗಾಯಣ ಇದೆ, ಕಾಲೇಜುಗಳ ಸಭಾಂಗಣಗಳಿವೆ. ಸರ್ಕಾರಿ ಉತ್ಸವ, ನಾಟಕ, ಸಮ್ಮೇಳನಕ್ಕೆ ಅವು ಬೇಕು. ಆದರೆ ದೊಡ್ಡ ಸಭಾಂಗಣದಲ್ಲಿ 120 ಜನ ಕೂತರೆ ಖಾಲಿ ಕುರ್ಚಿಗಳೇ ಹಾಡುಗಾರನ ಉಸಿರು ಕಟ್ಟಿಸುತ್ತವೆ. ಉಳಿದದ್ದು ಕಾಲೇಜ್ ಫೆಸ್ಟು. ಅಲ್ಲಿ ಪುಕ್ಕಟೆ, ಸಾವಿರಾರು ಹುಡುಗರು, ತೆರೆದ ಮೈದಾನ. ಅಲ್ಲಿ ಮಾತು ಕೇಳಲಿಕ್ಕೆ ಯಾರೂ ಬಂದಿರುವುದಿಲ್ಲ, ಬರಬೇಕು ಅಂತಲೂ ಇಲ್ಲ. ಹಿಪ್‌ಹಾಪ್ ಅನ್ನುವ ರ‍್ಯಾಪಿನ ತವರು ಹುಟ್ಟಿದ್ದು ಎಲ್ಲಿ ಗೊತ್ತಾ? 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸಿನ ಒಂದು ಅಪಾರ್ಟ್‌ಮೆಂಟಿನ ಕೆಳಗಿನ ಸಮುದಾಯ ಕೋಣೆ. ಡಿಜೆ ಕೂಲ್ ಹರ್ಕ್‌ನ ತಂಗಿ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕು ಅಂತ ಇಟ್ಟ ಪಾರ್ಟಿ. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟು. ಅಂದರೆ ಕಾಸು ಕೊಟ್ಟು ಒಳಗೆ ಬರುವ ಒಂದು ಸಣ್ಣ ಕೋಣೆ. ನಮ್ಮ ಊರುಗಳಲ್ಲಿ ಕೋಣೆಗಳಿಗೇನು ಬರ ಇಲ್ಲ. ಕೋಚಿಂಗ್ ಹಾಲು, ಸಮುದಾಯ ಭವನ, ಗ್ರಂಥಾಲಯದ ಮೇಲ್ಮಹಡಿ, ಎಲ್ಲಾ ಸಂಜೆ ಖಾಲಿ. ನಾಲ್ಕು ದಪ್ಪನೆ ಪರದೆ, ನೆಲಕ್ಕೆ ಒಂದು ಜಮಖಾನ ಹಾಕಿದರೆ ಪ್ರತಿಧ್ವನಿಯ ಅರ್ಧ ರೋಗ ಹೋಗುತ್ತದೆ. ಆ ಸಂಜೆ ಹಾಲು ತುಂಬುತ್ತಾ ಹೋದ ಹಾಗೆ ಸದ್ದು ಹದವಾಗಿದ್ದನ್ನು ನಾನೇ ಕೇಳಿದೆ. ಮನುಷ್ಯರ ಮೈ, ಬಟ್ಟೆ ಕೂಡ ಸದ್ದು ಕುಡಿಯುತ್ತವೆ.

ಹೊತ್ತಿನ ವಿಷಯ ಒಂದು ಬಾಕಿ ಇದೆ. ಕಾರ್ಡಿನಲ್ಲಿ ಆರಕ್ಕೆ ಅಂತ ಇತ್ತು. ಶುರುವಾಗಿದ್ದು ಏಳೂವರೆಗೆ. ಮೊದಲು ದೀಪ, ಆಮೇಲೆ ಹಾರ, ಆಮೇಲೆ ಮೂವರು ಅತಿಥಿಗಳ ಭಾಷಣ. ಒಬ್ಬರು ಯುವಕರು ದಾರಿ ತಪ್ಪುತ್ತಿದ್ದಾರೆ ಅಂದು ಇಳಿದು ಹೋದರು, ಹಾಡು ಕೇಳಲಿಲ್ಲ. ರಾತ್ರಿ 10ರ ಮೇಲೆ ಮುಚ್ಚಿದ ಸಭಾಂಗಣದಂಥ ಜಾಗ ಬಿಟ್ಟರೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆ. ಆದರೆ ನಿಜವಾದ ಪೆಟ್ಟು ಬಿದ್ದದ್ದು ಎಂಟೂವರೆಗೆ. ಐದು ಹುಡುಗಿಯರು ಎದ್ದು ಹೊರಟರು. ಹಾಸ್ಟೆಲ್ ಬಾಗಿಲು ಹಾಕುವ ಹೊತ್ತು. ಅವರಲ್ಲಿ ಒಬ್ಬಳ ಕೈಯಲ್ಲಿ ನೋಟ್‌ಬುಕ್ ಇತ್ತು. ಯಾರು ಬೇಕಾದರೂ ಬಂದು ಓದಬಹುದಾದ ಓಪನ್ ಮೈಕಿನಲ್ಲಿ ಓದಲಿಕ್ಕೆ ತಂದಿದ್ದಳಂತೆ. ಓಪನ್ ಮೈಕ್ ಇಟ್ಟಿದ್ದು ಕೊನೆಗೆ. ಆ ನೋಟ್‌ಬುಕ್ಕಿನಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಕುತೂಹಲ. ಆರಕ್ಕೆ ಅಂದರೆ ಆರಕ್ಕೇ ಶುರು ಮಾಡಿದ್ದರೆ ಅವಳು ಓದಿ ಹೋಗುತ್ತಿದ್ದಳು.

ಎಲ್ಲಾ ಹಾಡೂ ಚೆನ್ನಾಗಿದ್ದವು ಅಂತ ಹೇಳಲಾರೆ. ಮೂರು ಹಾಡು ಬರೀ 'ನಾನು, ನನ್ನ ಥರ ಯಾರಿಲ್ಲ' ಅನ್ನುವ ಬಡಾಯಿ. ಬಡಾಯಿಯೂ ಒಂದು ಕಲೆಯೇ ಅಂತ ನನ್ನ ವಿದ್ಯಾರ್ಥಿ ವಾದಿಸಿದ. ಇರಬಹುದು, ಲಾವಣಿಯಲ್ಲೂ ಇತ್ತು. ಆದರೆ ಲಾವಣಿಯಲ್ಲಿ ಎದುರಿಗೆ ಇನ್ನೊಂದು ಮೇಳ ಕೂತಿರುತ್ತಿತ್ತು, ಬಡಾಯಿಗೆ ಅಲ್ಲೇ ಜವಾಬು ಬೀಳುತ್ತಿತ್ತು. ಒಬ್ಬನೇ ನಿಂತು ಬಡಾಯಿ ಕೊಚ್ಚಿದರೆ ಕೇಳುವವನಿಗೆ ಬೇಸರ. ನೆನಪಿನಲ್ಲಿ ಉಳಿದದ್ದು ಕತೆ ಹೇಳುವ ಎರಡು ಹಾಡು. ಅವು ನಾಲ್ಕು ನಿಮಿಷದವು. ಮೂವತ್ತು ಸೆಕೆಂಡಿನ ರೀಲಿಗೆ ಕತ್ತರಿಸಿದರೆ ಕತೆಯ ತಲೆ ಬರುತ್ತದೆ, ಬಾಲ ಬರುವುದಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸ್ಟೇಷನ್ ರಸ್ತೆಯಲ್ಲಿ ಚಹಾ ಕುಡಿಯುತ್ತಾ ನಿಂತೆವು. ಹುಡುಗನಿಗೆ ರಾತ್ರಿ ರೈಲಿತ್ತು. ಚಾಚಾ ಅಂಗಡಿ ಮುಚ್ಚಿ ಬಂದು, ಅವನ ಹರಿದ ಬ್ಯಾಗಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ, "ಪೆಹಲೇ ಬೋಲ್ನಾ ಥಾ, ಹೊಲಿದು ಕೊಡ್ತಿದ್ದೆ" ಅಂದರು. ಸೌಂಡಿನವನು ಬಾಕ್ಸುಗಳನ್ನು ಟೆಂಪೋಗೆ ಏರಿಸಿ ನಮ್ಮ ಹತ್ತಿರ ಬಂದ. ಆ ಫೋನಿನ ಹಾಡು ಅವನಿಗೂ ಬೇಕಂತೆ. ಅವನ ತಮ್ಮ ಪುಣೆಯಲ್ಲಿದ್ದಾನೆ. ಹುಡುಗ ಬ್ಲೂಟೂತಿನಲ್ಲಿ ಕಳಿಸಿದ.

"ಮುಂದಿನ ಸಲ ಬಂದ್ರ ನಾಲ್ಕು ಬೇಸ್ ತರಂಗಿಲ್ಲ ಬಿಡ್ರಿ" ಅಂದ ಸೌಂಡಿನವನು, ಚಹಾದ ಕಪ್ಪು ಎಸೆಯುತ್ತಾ. "ಎರಡೇ ಸಾಕು. ಆದ್ರ ರೇಟ್ ಮಾತ್ರ ಅದೇ ಇರ್ತದ."